ಮರದ ಆಡಿಗೆ ಕೊಟ್ಟ ಅಳು

ನಮ್ಮ ಬಿಷ್ಕೆಕ್‌ನಲ್ಲಿ ಮೂವತ್ತು ದಾಟಿದ ಯಾವ ಗಂಡಸನ್ನಾದರೂ ನಿಲ್ಲಿಸಿ, ‘ಉಲಕ್‌ಬಾಯ್ ಹೇಗೆ ಅಳ್ತಿದ್ದ?’ ಎಂದು ಕೇಳಿ ನೋಡಿ. ಬ್ಯಾಂಕಿನ ಮ್ಯಾನೇಜರ್ ಆಗಿರಲಿ, ಬಜಾರಿನಲ್ಲಿ ಕುರಿತಲೆ ಮಾರುವವನಾಗಿರಲಿ, ಆಚೀಚೆ ನೋಡಿ, ಗಂಟಲು ಸರಿಮಾಡಿಕೊಂಡು, ಅತ್ತೇ ತೋರಿಸುತ್ತಾನೆ. ಆಮೇಲೆ ಕಿವಿ ಕೆಂಪಗೆ ಮಾಡಿಕೊಂಡು ಟೋಪಿ ಸರಿಮಾಡಿಕೊಳ್ಳುತ್ತಾನೆ. ಆ ನಾಚಿಕೆ ಅವನಿಗೆ ಎಲ್ಲಿಂದ ಬಂತೆಂದು ಅವನಿಗೇ ಗೊತ್ತಿಲ್ಲ. ನನಗೆ ಗೊತ್ತು. ಅದು ಉಲಕ್‌ಬಾಯ್‌ಗೆ ದನಿ ಕೊಟ್ಟ ಬೈಶೆನ್‌ನ ಆಸ್ತಿ.

ಉಲಕ್‌ಬಾಯ್ ಒಂದು ಮರದ ಆಡು. ಗೇಣುದ್ದದ್ದು. ಒಂದು ಪೆಟ್ಟಿಗೆಯ ಮೇಲೆ ನಿಂತಿರುತ್ತಿತ್ತು. ಅದರ ಹೊಟ್ಟೆಯಿಂದ ಇಳಿದ ದಾರ ಪೆಟ್ಟಿಗೆಯೊಳಗೆ ಹಾದು ಬಂದು ಬೈಶೆನ್‌ನ ಬಲಗೈ ತೋರುಬೆರಳಿಗೆ ಕಟ್ಟಿರುತ್ತಿತ್ತು. ಅವನು ಕೋಮುಜ್ ವಾದ್ಯದ ಮೂರು ತಂತಿ ಮೀಟಿದರೆ ಆಡು ಕುಣಿಯುವುದು, ಕೈ ನಿಲ್ಲಿಸಿದರೆ ಅದೂ ನಿಲ್ಲುವುದು. ನಮ್ಮ ಮುತ್ತಜ್ಜಂದಿರ ಆಟಿಕೆ ಅದು. ಹಳ್ಳಿಗಳು ಅದನ್ನು ಮರೆತು ಕೂತಿದ್ದಾಗ ಟೆಲಿವಿಷನ್‌ಗೆ ಬಂದು, ಹತ್ತಿರ ಹತ್ತಿರ ಇಪ್ಪತ್ತು ವರ್ಷ, ಸಂಜೆಯ ಹೊತ್ತು ದೇಶದ ಮಕ್ಕಳನ್ನೆಲ್ಲ ಮಲಗಿಸಿತು.

ಅದರ ಮಾತುಗಳನ್ನು ಬರೆಯುತ್ತಿದ್ದವನು ನಾನು. ಜಪಾರ್ ಅಂತ ನನ್ನ ಹೆಸರು. ಕಾರ್ಯಕ್ರಮದ ಕೊನೆಗೆ ಸಣ್ಣ ಅಕ್ಷರದಲ್ಲಿ ಬರುತ್ತಿತ್ತು. ಅಷ್ಟು ಹೊತ್ತಿಗೆ ಮಕ್ಕಳು ಮಲಗಿರುತ್ತಿದ್ದರು, ದೊಡ್ಡವರು ಎದ್ದು ಹೋಗಿರುತ್ತಿದ್ದರು. ನಾನು ಆಡಿನ ಬಾಯಿಗೆ ಎಷ್ಟೋ ಜೋಕು ತುರುಕಿದ್ದೇನೆ. ಯಾವುದಕ್ಕೂ ಯಾರೂ ನಗಲಿಲ್ಲ. ಜನ ನಕ್ಕದ್ದು ಒಂದೇ ಒಂದಕ್ಕೆ, ಅದರ ಅಳುವಿಗೆ. ಅದನ್ನು ನಾನು ಬರೆದಿರಲಿಲ್ಲ.

ಬೈಶೆನ್ ನಾರಿನ್ ಕಡೆಯ ಕಣಿವೆಯವನು. ಅಪ್ಪ ಮಂಬೆತ್ ಸಾಮೂಹಿಕ ಫಾರ್ಮಿನ ಕುದುರೆ ಕಾಯುವವನು. ಅಣ್ಣನ ಹೆಸರು ಕಾಲಿ, ನಡೆಯಲು ಕಲಿಯುವ ಮೊದಲೇ ಕುದುರೆ ಹತ್ತಿದವನು. ಬೈಶೆನ್ ಕುಳ್ಳ, ಹತ್ತಿದ ಕುದುರೆಯೆಲ್ಲ ಅವನನ್ನು ಕೆಳಗಿಳಿಸಿ ಹೋಗುತ್ತಿತ್ತು. ‘ಇವನ್ನ ಕೂತ್ಕೊಂಡು ಮಾಡೋ ಕೆಲಸಕ್ಕೆ ಹಾಕ್ಬೇಕು’ ಎಂದು ಮಂಬೆತ್ ನಿರ್ಧರಿಸಿ ಮಗನ ಕೈಗೆ ಕೋಮುಜ್ ಕೊಟ್ಟ. ಕೂತು ಕೂತು ಅವನು ರಾಜಧಾನಿಯ ಸಂಗೀತ ಶಾಲೆಗೆ ಹೋದ, ಅಲ್ಲಿಂದ ನಮ್ಮ ಸ್ಟುಡಿಯೊದ ವಾದ್ಯವೃಂದದ ಹಿಂದಿನ ಸಾಲಿಗೆ ಬಂದ. ಹಿಂದಿನ ಸಾಲಿನಲ್ಲಿ ಬೇಸರ ಬಂದು ಒಂದು ಆಡು ಕೆತ್ತಿದ. ಮಕ್ಕಳ ವಿಭಾಗದ ಮುಖ್ಯಸ್ಥೆ ರೈಸಾ ಪೆತ್ರೋವ್ನಾ ಅದನ್ನು ನೋಡಿ, ‘ಇದಕ್ಕೆ ಒಂದು ಕ್ಯಾಮೆರಾ ಸಾಕಲ್ವಾ?’ ಎಂದಳು. ನಮ್ಮಲ್ಲಿ ಆಗ ನೆಟ್ಟಗಿದ್ದದ್ದೇ ಒಂದು ಕ್ಯಾಮೆರಾ. ಕಾರ್ಯಕ್ರಮ ಶುರುವಾಯಿತು.

ಇಲ್ಲಿ ಮಂಬೆತ್‌ನ ಬಗ್ಗೆ ಒಂದು ಮಾತು ಹೇಳಬೇಕು. ಅವನು ಕಣಿವೆಯಲ್ಲಿ ಹೆಸರಾಗಿದ್ದದ್ದು ಕುದುರೆಯಿಂದಲ್ಲ, ಅಳುವಿನಿಂದ. ನಮ್ಮಲ್ಲಿ ಒಬ್ಬರು ತೀರಿಕೊಂಡರೆ ಅಂಗಳದಲ್ಲಿ ಕಂಬಳಿ ಗುಡಾರ ಏಳುತ್ತದೆ, ದೇಹ ಅದರೊಳಗೆ. ಹೆಂಗಸರು ಒಳಗೆ ಕೂತು ಹಾಡಿ ಅಳುತ್ತಾರೆ. ಮನೆಯ ಗಂಡಸರು ಹೊರಗೆ, ನಿಲುವಂಗಿಗೆ ಸೊಂಟಪಟ್ಟಿ ಬಿಗಿದು, ಕೋಲೂರಿ ಬಗ್ಗಿ ನಿಲ್ಲುತ್ತಾರೆ. ಮಾತನಾಡಿಸಲು ಬರುವವರು ದೂರದಿಂದಲೇ ಗಟ್ಟಿಯಾಗಿ ಅಳುತ್ತ ಬರಬೇಕು, ಮನೆಯವರು ಅಷ್ಟೇ ಗಟ್ಟಿಯಾಗಿ ಅತ್ತು ಎದುರುಗೊಳ್ಳಬೇಕು. ಗಂಡಸು ಬಾಯಿಬಿಟ್ಟು ಅಳಬಹುದಾದ ಜಾಗ ನಮ್ಮಲ್ಲಿ ಅದೊಂದೇ. ಬೇರೆ ಕಡೆ ಅತ್ತರೆ ನಾಚಿಕೆ, ಅಲ್ಲಿ ಅಳದಿದ್ದರೆ ನಾಚಿಕೆ.

ಮಂಬೆತ್‌ನ ಅಳು ತಗ್ಗಿನಲ್ಲಿ ಶುರುವಾಗುತ್ತಿತ್ತು. ‘ಓ ನನ್ನ ಕರುಳೇ...’ ಎಂದು ನಿಧಾನಕ್ಕೆ ಮೇಲೇರಿ, ನಡುವೆ ಒಂದು ಕಡೆ ಕಲ್ಲೆಡವಿದ ಹಾಗೆ ಫಕ್ಕನೆ ಮುರಿದು, ಒಂದು ಬಿಕ್ಕು ತೆಗೆದುಕೊಂಡು, ಮುರಿದ ಜಾಗದಿಂದಲೇ ಇನ್ನೂ ಮೇಲಕ್ಕೆ ಹತ್ತುತ್ತಿತ್ತು. ಅದನ್ನು ಕೇಳಿ ಹೊಲದಾಚೆಯ ನಾಯಿಗಳೂ ಸುಮ್ಮನಾಗುತ್ತಿದ್ದವಂತೆ. ಆಚೆ ಊರುಗಳಿಂದ ಅವನನ್ನು ಕರೆತರಲು ಕುದುರೆ ಕಳಿಸುತ್ತಿದ್ದರು. ‘ಮಂಬೆತ್ ಬಂದು ಅತ್ತ’ ಎನ್ನುವುದು ಸತ್ತವನಿಗೆ ಸಲ್ಲುವ ಮರ್ಯಾದೆಯಾಗಿತ್ತು.

ಈಗ ಸ್ಟುಡಿಯೊಗೆ ಬನ್ನಿ. ಆಗ ಎಲ್ಲವೂ ನೇರ ಪ್ರಸಾರ. ಒಂದು ಸಂಜೆ ಆಡು ಕುಣಿದು ಕುಣಿದು, ನಾನು ಬರೆದಿದ್ದ ‘ಶುಭರಾತ್ರಿ’ಯ ಪದ್ಯ ಹೇಳಬೇಕು ಅನ್ನುವಷ್ಟರಲ್ಲಿ ದಾರ ಸಿಕ್ಕಿಕೊಂಡು ಮೂತಿ ಕೆಳಗಾಗಿ ಬಿತ್ತು. ಏಳಲಿಲ್ಲ. ಬೈಶೆನ್ ಎಳೆದ, ಮತ್ತೆ ಎಳೆದ. ದೇಶವೆಲ್ಲ ನೋಡುತ್ತಿದೆ, ಆಡು ಸತ್ತು ಬಿದ್ದಿದೆ. ನಾನು ಕ್ಯಾಮೆರಾದ ಹಿಂದೆ ಕೈಕಾಲು ಬಡಿಯುತ್ತಿದ್ದೆ. ಆಗ ಬೈಶೆನ್‌ನ ಬಾಯಿ ತಾನಾಗಿ ತೆರೆದುಕೊಂಡಿತು. ಆಡಿನ ಕೀಚಲು ದನಿಯಲ್ಲಿ ಬಂತು:

‘ಓ ನನ್ನ ಕರು... ಹ್ಞಕ್... ಳೇ!’

ತಗ್ಗಿನಿಂದ ಏರಿ, ನಡುವೆ ಮುರಿದು, ಬಿಕ್ಕಿ, ಮತ್ತೆ ಏರಿತು. ಸತ್ತ ಆಡು ತನಗಾಗಿ ತಾನೇ ಅಳುತ್ತಿತ್ತು. ಕ್ಯಾಮೆರಾಮನ್ ನಕ್ಕ ರಭಸಕ್ಕೆ ದೇಶದ ಟಿವಿಗಳಲ್ಲೆಲ್ಲ ಚಿತ್ರ ನಡುಗಿತು. ಪ್ರಸಾರ ಮುಗಿದ ಕೂಡಲೇ ರೈಸಾ ಪೆತ್ರೋವ್ನಾ ಬಾಗಿಲು ನೂಕಿಕೊಂಡು ಬಂದಳು. ಕೆಲಸ ಹೋಯಿತು ಎಂದುಕೊಂಡೆವು. ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು.

‘ನಾಳೇನೂ ಬೀಳ್ಲಿ’ ಎಂದಳು. ‘ದಿನಾ ಬೀಳ್ಲಿ.’

ಅವಳು ರಷ್ಯದ ಕಡೆಯವಳು, ಆ ಅಳು ಯಾವ ಅಂಗಳದ್ದೆಂದು ಅವಳಿಗೆ ತಿಳಿಯದು. ನಮಗೆ ತಿಳಿದಿತ್ತು. ಆದರೂ ನಕ್ಕೆವು. ಮರುದಿನವೇ ನಾನು ಅದಕ್ಕೊಂದು ಉತ್ತರ ಬರೆದೆ: ಆಡು ಬಿದ್ದು ಅತ್ತ ಕೂಡಲೇ ಮನೆಮನೆಯ ಮಕ್ಕಳು, ‘ಅಳಬೇಡ ಉಲಕ್‌ಬಾಯ್, ಬೆಳಗಾಗುತ್ತೆ!’ ಎಂದು ಕೂಗಿ ಹಾಸಿಗೆಗೆ ಓಡಬೇಕು. ನನ್ನ ಜೀವಮಾನದಲ್ಲಿ ಜನ ಬಾಯಿಪಾಠ ಮಾಡಿದ ಸಾಲು ಅದೊಂದೇ.

ಬೈಶೆನ್ ಹೆಸರುವಾಸಿಯಾದ. ಮದುವೆಯಾಯಿತು. ಹುಡುಗಿ ಬೂರುಲ್, ಹೊಲಿಗೆ ಕಾರ್ಖಾನೆಯವಳು, ನಾಲಿಗೆ ಸೂಜಿಗಿಂತ ಚುರುಕು. ಐದಂತಸ್ತಿನ ಕಟ್ಟಡದಲ್ಲಿ ಸರ್ಕಾರದ ಮನೆ ಸಿಕ್ಕಿತು. ಆ ಸಂಭ್ರಮದಲ್ಲಿ, ಅಪ್ಪನಿಗೆ ಒಂದು ಟಿವಿ ಕೊಂಡುಹೋಗಬೇಕು ಎಂದು ಅವನಿಗೆ ಹೊಳೆಯಿತು. ಆ ಊರಿನಲ್ಲಿ ಅದು ಮೊದಲ ಟಿವಿ. ನನ್ನನ್ನೂ ಕರೆದುಕೊಂಡು ಹೋದ. ಆ ಹೊತ್ತಿಗೆ ಕಾರ್ಯಕ್ರಮ ಮೊದಲೇ ಮುದ್ರಿಸಿಡುವ ಯಂತ್ರ ಬಂದಿತ್ತು, ಹಾಗಾಗಿ ಅವನು ಊರಲ್ಲಿ ಕೂತೇ ತನ್ನನ್ನು ತಾನು ನೋಡಬಹುದಿತ್ತು.

ಊರಿನ ಅರ್ಧ ಜನ ಮಂಬೆತ್‌ನ ಮನೆಯಲ್ಲಿ ಸೇರಿದರು. ನನ್ನನ್ನು ಛಾವಣಿಗೆ ಹತ್ತಿಸಿ ಕೈಗೆ ಆಂಟೆನಾ ಕೊಟ್ಟರು. ಓದಿದವನಲ್ಲವೇ, ಹಿಡಿದುಕೊಳ್ಳಲು ಬರುತ್ತದೆ ಎಂದು.

‘ಎಡಕ್ಕೆ ತಿರುಗ್ಸೋ!’ ಕೆಳಗಿನಿಂದ ಕಾಲಿಯ ಕೂಗು. ‘ನಿನ್ನ ಎಡ ಅಲ್ಲ ಮಾರಾಯ, ನನ್ನ ಎಡ!’

ತಿರುಗಿಸಿದೆ. ಕೋಮುಜ್ ಕೇಳಿಸಿತು. ಮಕ್ಕಳ ಚಪ್ಪಾಳೆ ಕೇಳಿಸಿತು. ಕೊನೆಗೆ ಆ ಅಳು ಕೇಳಿಸಿತು, ಅದರ ಹಿಂದೆಯೇ ಮಕ್ಕಳ ನಗು. ಆಮೇಲೆ ಏನೂ ಇಲ್ಲ.

‘ಚಿತ್ರ ಹೋಯ್ತಾ?’ ಎಂದು ಕೂಗಿದೆ. ಆಂಟೆನಾವನ್ನು ಆ ಕಡೆ ತಿರುಗಿಸಿದೆ, ಈ ಕಡೆ ತಿರುಗಿಸಿದೆ. ‘ಏನ್ರೋ, ಬಂತಾ ಈಗ?’

ಬಾಗಿಲು ತೆರೆದು ಮಂಬೆತ್ ಹೊರಗೆ ಬಂದ. ‘ಕುದುರೆಗೆ ನೀರು ಕುಡಿಸ್ಬೇಕು’ ಎಂದು ಒಳಗಿದ್ದವರಿಗೆ ಹೇಳಿ ಬಕೆಟ್ಟು ಎತ್ತಿಕೊಂಡ. ನಾನು ಮೇಲಿನಿಂದ ನೋಡುತ್ತಿದ್ದೆ. ಕುದುರೆ ಆಗಲೇ ಕುಡಿದಿತ್ತು, ಬಕೆಟ್ಟಿಗೆ ಮೂಗು ತಾಗಿಸಿ ಮುಖ ತಿರುಗಿಸಿಕೊಂಡಿತು. ಅವನು ಅದರ ಪಕ್ಕದಲ್ಲೇ ನಿಂತ, ಊಟಕ್ಕೆ ಕರೆಯುವವರೆಗೂ.

ಊಟದಲ್ಲಿ ಮಗನಿಗೆ ಒಳ್ಳೆಯ ತುಂಡನ್ನೇ ಕೊಟ್ಟ. ಆಡಿನ ಬಗ್ಗೆ ಒಂದು ಮಾತು ಬಿಟ್ಟರೆ ಬೇರೇನೂ ಕೇಳಲಿಲ್ಲ.

‘ಯಾವ ಮರದ್ದು ಅದು?’

‘ಏಪ್ರಿಕಾಟ್ ಮರದ್ದಪ್ಪ.’

‘ಸೀಳ್ಕೊಳುತ್ತೆ. ಬೆಟ್ಟದ ಜೂನಿಪರ್ ತಗೋಬೇಕಿತ್ತು.’

ಬೈಶೆನ್ ತಲೆ ಎತ್ತದೆ ತಿಂದ. ನಾನೂ ತಿಂದೆ. ಕಣಿವೆಯ ಮಾಂಸ ಅಷ್ಟು ಕಷ್ಟಪಟ್ಟು ನುಂಗಿದ್ದು ಅದೇ ಮೊದಲು.

ಮುಂದಿನದ್ದನ್ನು ನಮಗೆ ಹೇಳಿದವನು ಕಾಲಿ. ಒಂದು ಚಳಿಗಾಲ ಅವನು ರಾಜಧಾನಿಗೆ ಬಂದು ತಮ್ಮನ ಅಡುಗೆಮನೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಬೂರುಲ್ ಬಸಿದು ಕೊಡುತ್ತಿದ್ದಳು, ನಾನು ಬಿಟ್ಟಿ ಚಹಾಕ್ಕೆ ಬಂದಿದ್ದೆ.

‘ಅಪ್ಪ ಈಗ ಸಾವಿಗೆ ಹೋದ್ರೆ ಅಳಲ್ಲ’ ಎಂದ ಕಾಲಿ.

‘ಅಂದ್ರೆ?’

‘ಅಂದ್ರೆ ಅಳಲ್ಲ ಅಷ್ಟೇ. ಆಚೆ ಊರಲ್ಲಿ ಬೀಗರ ಮನೇಲಿ ಒಬ್ರು ಹೋದ್ರು. ಕುದುರೆ ಕಳ್ಸಿದ್ರು. ಅಪ್ಪ ಇಳಿದು, ಕೋಲು ತಗೊಂಡು, ಓ ನನ್ನ ಕರುಳೇ ಅಂತ ಎತ್ತಿದ್ನೋ ಇಲ್ವೋ, ಬೇಲಿ ಆಚೆ ಮಕ್ಕಳು, ಉಲಕ್‌ಬಾಯ್ ಬಂದ, ಉಲಕ್‌ಬಾಯ್ ಬಂದ ಅಂತ ಕುಣಿದ್ವು. ಅದೇನೋ ಬೆಳಗಾಗುತ್ತೆ ಅಂತ ಬೇರೆ ಕೂಗಿದ್ವು.’ ಅವನು ನನ್ನ ಕಡೆ ನೋಡಿದ. ‘ಅದು ನಿಂದಂತಲ್ಲ?’

ನಾನು ಬಟ್ಟಲಿನೊಳಗೆ ನೋಡಿದೆ.

‘ಆಮೇಲಿಂದ ಹೋಗ್ತಾನೆ, ಬಾಯಿ ಮುಚ್ಕೊಂಡು ನಿಂತಿರ್ತಾನೆ, ಬರ್ತಾನೆ. ಈಗ ಯಾರೂ ಕುದುರೆ ಕಳ್ಸಲ್ಲ.’

ಬೈಶೆನ್‌ನ ಮುಖ ನೋಡಲಾಗಲಿಲ್ಲ. ಕಾಲಿ ಹೋದ ಮೇಲೆ ಅವನು, ‘ನಾನು ಅಪ್ಪನ ಬಾಯಿಂದ ಕಿತ್ಕೊಂಡೆ ಕಣೋ. ಕಿತ್ಕೊಂಡು ಆಡಿಗೆ ಕೊಟ್ಟೆ’ ಎಂದ.

‘ಹೋಗಿ ಮಾವನ ಕಾಲಿಗೆ ಬೀಳಿ’ ಎಂದಳು ಬೂರುಲ್.

‘ಏನಂತ ಬೀಳ್ಲಿ? ಅಪ್ಪ ಆ ವಿಷಯ ಎತ್ತೇ ಇಲ್ವಲ್ಲ. ನಾನು ಎತ್ತಿದ್ರೆ, ಹೌದು ನಿಂಗೆ ಅವಮಾನ ಆಗಿದೆ ಅಂತ ನಾನೇ ಹೇಳ್ದಂಗಾಗುತ್ತೆ.’

‘ಹಂಗಾದ್ರೆ ಆಡಿಗೆ ಬೇರೆ ಅಳು ಕಲಿಸಿ. ನಂದು ತಗೊಳಿ, ದಿನಾ ಅಳಿಸ್ತೀರಲ್ಲ.’

ಅವನು ರೈಸಾ ಪೆತ್ರೋವ್ನಾಳ ಹತ್ತಿರ ಹೋದ. ಅವಳಿಗೆ ಅರ್ಥವಾಗಲಿಲ್ಲ. ‘ಮಕ್ಕಳು ನಗ್ತಾರೆ, ಮಲಗ್ತಾರೆ. ಇದ್ರಲ್ಲಿ ನಿಮ್ಮಪ್ಪನಿಗೆ ಏನು ತೊಂದ್ರೆ?’ ಅವನು ವಿವರಿಸಲು ಹೋಗಿ, ವಿವರಿಸುವುದೂ ನಾಚಿಕೆಯೆನಿಸಿ, ಎದ್ದು ಬಂದ. ಆಡು ಬೀಳುತ್ತಲೇ ಇತ್ತು, ಅಳುತ್ತಲೇ ಇತ್ತು. ಅವನು ಪ್ರತಿ ಬೇಸಿಗೆ ಊರಿಗೆ ಹೋಗಿ, ಅಪ್ಪನ ಎದುರು ಕೂತು, ಹುಲ್ಲು, ಕುದುರೆ, ಮಳೆ ಎಂದೆಲ್ಲ ಮಾತನಾಡಿ, ಹೇಳಬೇಕಾದದ್ದನ್ನು ಹಾಗೇ ಮೂಟೆ ಕಟ್ಟಿ ವಾಪಸು ತರುತ್ತಿದ್ದ. ಟಿವಿಯ ಮೇಲೆ ಮಂಬೆತ್ ಕಸೂತಿ ಬಟ್ಟೆ ಹೊದಿಸಿಟ್ಟಿದ್ದ. ಧೂಳು ಬೀಳಬಾರದಲ್ಲ, ಎಂದು ಕೇಳಿದವರಿಗೆ ಹೇಳುತ್ತಿದ್ದ.

ಕೊನೆಗೆ ಒಂದು ಶರತ್ಕಾಲ ಮಂಬೆತ್ ತೀರಿಕೊಂಡ. ಹೇಳುವ ಸಮಯ ಮುಗಿಯಿತು, ಅಳುವ ಸಮಯ ಬಂತು. ಬೈಶೆನ್ ಅಳುವುದಾದರೂ ಯಾವ ದನಿಯಲ್ಲಿ? ಅವನ ಗಂಟಲಿಗೆ ಗೊತ್ತಿದ್ದದ್ದು ಒಂದೇ ಅಳು. ಅದನ್ನು ಅಂಗಳದಲ್ಲಿ ಎತ್ತಿದರೆ ದೇಶದ ಮಕ್ಕಳೆಲ್ಲ ನಗುತ್ತಾರೆ, ಅಪ್ಪನ ಹೆಣದ ಮುಂದೆ. ಎತ್ತದಿದ್ದರೆ ಮಂಬೆತ್‌ನಂಥವನಿಗೆ ಮಗನೇ ಅಳಲಿಲ್ಲ ಎಂದು ಕಣಿವೆಯೆಲ್ಲ ಹೇಳಿಕೊಳ್ಳುತ್ತದೆ.

ಉಪಾಯ ಕಾಲಿಯದು. ಮರುದಿನ ನಾವು ಸ್ಟುಡಿಯೊದವರು ವ್ಯಾನಿನಲ್ಲಿ ಹೋಗಿ ಇಳಿಯುವ ಹೊತ್ತಿಗೆ ಅದು ಜಾರಿಯಲ್ಲಿತ್ತು. ನಾವು ರಸ್ತೆಯಿಂದಲೇ ಅಳುತ್ತ ಹೋದೆವು. ನನ್ನ ಅಳು ತಪ್ಪಿದ ಬಸ್ಸನ್ನು ಕೂಗಿ ನಿಲ್ಲಿಸುವವನ ದನಿಯಂತೆ ಇರುತ್ತದೆ ಎಂದು ಬೂರುಲ್ ಆಮೇಲೆ ಹೇಳಿದಳು. ಗುಡಾರದ ಮುಂದೆ ಅಣ್ಣತಮ್ಮ ಕೋಲೂರಿ ಬಗ್ಗಿ ನಿಂತಿದ್ದರು. ಇಬ್ಬರೂ ಬಾಯಿ ತೆರೆದಿದ್ದರು. ಹತ್ತಿರ ಹೋದಾಗ ತಿಳಿಯಿತು: ದನಿಯೆಲ್ಲ ಕಾಲಿಯದೇ. ಕುದುರೆ ಹಿಂಡನ್ನು ಕೂಗಿ ಕರೆದ ಗಂಟಲು, ಇಬ್ಬರ ಪಾಲನ್ನೂ ಅಳುತ್ತಿತ್ತು. ಬೈಶೆನ್ ಬರೀ ತುಟಿ ಆಡಿಸುತ್ತಿದ್ದ. ಆಡಿಗೆ ದನಿ ಕೊಟ್ಟವನಿಗೆ ಅಪ್ಪನ ಸಾವಿನಲ್ಲಿ ಅಣ್ಣ ದನಿ ಕೊಡುತ್ತಿದ್ದ.

‘ಹೆಂಗಿದೆ?’ ಜನ ಕಡಿಮೆಯಾದಾಗ ಕಾಲಿ ನನ್ನನ್ನು ಕೇಳಿದ.

‘ಚೆನ್ನಾಗಿದೆ ಅಣ್ಣ. ತುಟಿ ಸ್ವಲ್ಪ ಹಿಂದೆ ಬೀಳುತ್ತೆ.’

‘ಕೇಳಿದ್ಯೇನೋ? ತುಟಿ ಬೇಗ ಆಡ್ಸು’ ಎಂದು ತಮ್ಮನಿಗೆ ಹೇಳಿದ. ಬೈಶೆನ್ ತಲೆಯಾಡಿಸಿದ. ಅವನ ಮುಖ ನೋಡಿ ಬಾಯಿಂದ ಹೊರಟ ಮಾತನ್ನು ವಾಪಸು ನುಂಗಬೇಕೆನಿಸಿತು ನನಗೆ.

ಮಣ್ಣು ಮಾಡುವ ದಿನ ಬಂದಿತು. ಅಂಗಳದ ತುಂಬ ಜನ, ಒಲೆಯ ಮೇಲೆ ಕುದುರೆ ಮಾಂಸದ ಕೊಪ್ಪರಿಗೆ, ಕರಿದ ಹಿಟ್ಟಿನ ವಾಸನೆ. ಬೇಲಿಯ ಉದ್ದಕ್ಕೂ ಮಕ್ಕಳು ಗುಬ್ಬಿಗಳ ಹಾಗೆ ಕೂತಿದ್ದರು. ಟಿವಿಯ ಉಲಕ್‌ಬಾಯ್ ಮಾಮ ಬಂದಿದ್ದಾನೆಂದು ಸುದ್ದಿ ಹಬ್ಬಿತ್ತು. ಇನ್ನೇನು ದೇಹ ಎತ್ತಬೇಕು, ಅಷ್ಟರಲ್ಲಿ ಹೊಳೆಯ ಕಡೆಯಿಂದ ಕುದುರೆ ಸವಾರರು ಕಾಣಿಸಿದರು. ಮುಂದೆ ಇಮಾನ್‌ಕುಲ್ ಅಜ್ಜ. ಮಂಬೆತ್‌ನ ಚಿಕ್ಕಂದಿನ ಗೆಳೆಯ, ಬೆಟ್ಟದ ಮೇಲಿನ ಹುಲ್ಲುಗಾವಲಿನವನು, ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಪಕ್ಕದ ಸವಾರ ಅವನ ಕುದುರೆಯ ಲಗಾಮು ಹಿಡಿದಿದ್ದ. ‘ಓ ನನ್ನ ಜೀವವೇ! ಓ ನನ್ನ ಮಂಬೆತ್!’ ಎಂದು ಅಳುತ್ತ ಬರುತ್ತಿದ್ದರು.

ಅವರಿಗೆ ಉತ್ತರ ಕೊಡಬೇಕಲ್ಲ. ಕಾಲಿ ಎದೆಯುಬ್ಬಿಸಿ ಬಾಯಿ ತೆರೆದ. ಬಂದದ್ದು ಗಾಳಿ. ಎಷ್ಟು ಹೊತ್ತು ಇಬ್ಬರಿಗಾಗಿ ಅತ್ತಿದ್ದನೋ, ಗಂಟಲು ಕೈಕೊಟ್ಟಿತ್ತು. ಮತ್ತೊಮ್ಮೆ ತೆರೆದ, ಹಳೆಯ ಕೊಳಾಯಿಯ ಸದ್ದು. ಸವಾರರ ಅಳು ಹತ್ತಿರವಾಗುತ್ತಿತ್ತು, ಗುಡಾರದ ಮುಂದೆ ಮೌನ. ಸುತ್ತಲಿನ ಗಂಡಸರು ಒಬ್ಬರನ್ನೊಬ್ಬರು ನೋಡಿದರು. ಯಾರೋ ಮುದುಕ, ‘ಏನ್ರಪ್ಪಾ, ಈ ಮನೇಲಿ ಗಂಡುಮಕ್ಕಳಿಲ್ವಾ?’ ಎಂದ.

ಕಾಲಿ ತಮ್ಮನ ಕಡೆ ತಿರುಗಿ ಪಿಸುಗುಟ್ಟಿದ. ‘ಅಳೋ. ಹಾಳಾಗ್ ಹೋಗ್ಲಿ, ಅಳೋ!’

ಬೈಶೆನ್ ಕಣ್ಣು ಮುಚ್ಚಿ ಬಾಯಿ ತೆರೆದ.

‘ಓ ನನ್ನ ಕರು...’

ಏರಿತು. ನಡುವೆ ಮುರಿಯಿತು. ಬಿಕ್ಕಿತು. ಮತ್ತೆ ಏರಿತು.

ಬೇಲಿಯ ಮೇಲಿಂದ ನಗು ಸಿಡಿಯಿತು. ಆಮೇಲೆ, ದೇವರೇ, ಅಷ್ಟೂ ಮಕ್ಕಳು ಒಂದೇ ಕೊರಳಲ್ಲಿ, ಒಂದು ಅಕ್ಷರ ತಪ್ಪದೆ, ನಾನು ಬರೆದ ಸಾಲನ್ನು ಕೂಗಿದರು.

‘ಅಳಬೇಡ ಉಲಕ್‌ಬಾಯ್, ಬೆಳಗಾಗುತ್ತೆ!’

ಗುಡಾರದೊಳಗೆ ಹೆಂಗಸರ ಹಾಡು ನಿಂತುಹೋಯಿತು. ಮುದುಕಿಯೊಬ್ಬಳು ಒಲೆಯಿಂದ ಸೌಟು ಹಿಡಿದುಕೊಂಡೇ ಬೇಲಿಯ ಕಡೆ ಓಡಿದಳು. ಗಂಡಸರು ಬಗ್ಗಿಸಿದ ತಲೆಯನ್ನು ಇನ್ನೂ ಬಗ್ಗಿಸಿದರು. ಕೆಲವರ ಭುಜ ಅಲ್ಲಾಡುತ್ತಿತ್ತು, ದುಃಖಕ್ಕೆ ಎಂದು ಹೇಳುವ ಧೈರ್ಯ ನನಗಿಲ್ಲ. ಬೈಶೆನ್ ನಿಲ್ಲಿಸಿಬಿಟ್ಟ. ಕೋಲಿನ ಮೇಲೆ ಹಣೆಯಿಟ್ಟು, ಭೂಮಿ ಬಾಯಿ ತೆರೆಯಲಿ ಎಂದು ಕಾಯುವವನ ಹಾಗೆ ನಿಂತ.

ಅಂಗಳದ ಬಾಗಿಲಲ್ಲಿ ಇಮಾನ್‌ಕುಲ್ ಅಜ್ಜನ ಕುದುರೆಯೂ ನಿಂತಿತ್ತು. ಅಜ್ಜ ಅಳು ನಿಲ್ಲಿಸಿ ಕಿವಿ ಈ ಕಡೆ ಮಾಡಿದ್ದ.

‘ಲೋ’ ಎಂದ ಪಕ್ಕದ ಸವಾರನಿಗೆ. ‘ಮಂಬೆತ್ ಇಲ್ಲೇ ಅಳ್ತಿದಾನಲ್ಲೋ! ಮತ್ತೆ ಸತ್ತೋರು ಯಾರು?’

ಅಜ್ಜನನ್ನು ಇಳಿಸಿದರು. ಅವನು ಗಾಳಿಯಲ್ಲಿ ಕೈಯಾಡಿಸುತ್ತ ಬಂದು, ಕಾಲಿಯನ್ನು ಮುಟ್ಟಿ ಬಿಟ್ಟು, ಬೈಶೆನ್‌ನ ಭುಜ ಹಿಡಿದ. ಭುಜದ ಎತ್ತರ ಕೈಗೆ ಸಿಕ್ಕ ಮೇಲೆ ತಿಳಿಯಿತು ಅವನಿಗೆ.

‘ನೀನಾ? ಚಿಕ್ಕೋನಾ? ಕುದುರೆಯಿಂದ ಬೀಳ್ತಿದ್ಯಲ್ಲ, ನೀನಾ?’

‘ಹೌದಜ್ಜ.’

‘ಯಾಕೋ ನಿಲ್ಸಿದೆ? ನಿಮ್ಮಪ್ಪ ಮಧ್ಯದಲ್ಲಿ ನಿಲ್ಲಿಸ್ತಿರಲಿಲ್ಲ. ಮುಗ್ಸು.’

ಬೈಶೆನ್ ಮತ್ತೆ ಶುರುಮಾಡಿದ. ಅಜ್ಜ ಅವನನ್ನು ಹಿಡಿದುಕೊಂಡು ಜೊತೆಗೆ ಅತ್ತ. ದೇಹ ಎತ್ತುವವರೆಗೂ, ಬೆಟ್ಟದ ಬುಡದ ಗೋರಿಗಳ ಹಾದಿ ಹಿಡಿಯುವವರೆಗೂ ಆ ಅಳು ನಿಲ್ಲಲಿಲ್ಲ. ಸೌಟಿನ ಮುದುಕಿ ಬೇಲಿಯ ಬಳಿ ಕಾವಲು ನಿಂತಿದ್ದಳು, ಮಕ್ಕಳು ಸದ್ದಿಲ್ಲದೆ ಕೂತಿದ್ದರು. ಮಂಬೆತ್‌ಗೆ ಸಲ್ಲಬೇಕಾದ ಅಳು ಸಂದಿತು ಎಂದು ಊರವರು ಒಪ್ಪಿಕೊಂಡರು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ವಾಪಸು ಬರುವಾಗ ವ್ಯಾನಿನಲ್ಲಿ ಬೈಶೆನ್ ನನ್ನ ಪಕ್ಕ ಕೂತಿದ್ದ. ‘ಅಜ್ಜ ಹೇಳಿದ್ದು ಕೇಳಿಸ್ತಲ್ಲ? ಸಾಕ್ಷಾತ್ ನಿಮ್ಮಪ್ಪನೇ ಅಂತೆ’ ಎಂದೆ, ಸಮಾಧಾನಕ್ಕೆ.

‘ಅಜ್ಜನಿಗೆ ಕಣ್ಣು ಕಾಣಲ್ಲ’ ಎಂದ. ಆಮೇಲೆ ಬಲಗೈಯನ್ನು ತೊಡೆಯ ಮೇಲಿಟ್ಟು ತೋರಿಸಿದ. ‘ಇದು ಆಡ್ತಾ ಇತ್ತು.’

ತೋರುಬೆರಳು. ಕೋಲಿನ ಮೇಲಿದ್ದ ಅವನ ಬೆರಳು, ಅಳು ಮುರಿಯುವ ಕಡೆಯಲ್ಲೆಲ್ಲ ಸಣ್ಣಗೆ ಕೊಕ್ಕೆಯಾಗಿ ಎಳೆಯುತ್ತಿದ್ದುದನ್ನು ನಾನೂ ನೋಡಿದ್ದೆ. ಇಲ್ಲದ ದಾರ ಎಳೆದು ಇಲ್ಲದ ಆಡನ್ನು ಎಬ್ಬಿಸುತ್ತಿತ್ತು.

‘ಅಪ್ಪ ಮುಂದೆ ಮಲಗಿದಾನೆ. ನಾನು ಆಡು ಕುಣಿಸ್ತಿದೀನಿ’ ಎಂದ. ‘ಅತ್ತಿದ್ದು ನಾನೋ ಅದೋ, ನಂಗೇ ಗೊತ್ತಾಗ್ಲಿಲ್ಲ.’

ನಾನು ಕಿಟಕಿಯ ಕಡೆ ತಿರುಗಿದೆ. ಜೋಕು ಬರೆಯುವವರಿಗೆ ಇಂಥ ಹೊತ್ತಿನಲ್ಲಿ ಕಿಟಕಿ ಬೇಕಾಗುತ್ತದೆ.

ಅದಾದ ಮೇಲೆ ಉಲಕ್‌ಬಾಯ್ ಟಿವಿಯಲ್ಲಿ ಅಳಲಿಲ್ಲ. ಬೀಳುತ್ತಿತ್ತು, ಸ್ವಲ್ಪ ಹೊತ್ತು ಬಿದ್ದಿರುತ್ತಿತ್ತು, ಸದ್ದಿಲ್ಲದೆ ಕಾಲು ಮಡಚಿಕೊಂಡು ಮಲಗುತ್ತಿತ್ತು. ರೈಸಾ ಪೆತ್ರೋವ್ನಾ ಕೂಗಾಡಿದಳು. ‘ಆಡು ದೊಡ್ಡದಾಯ್ತು’ ಎಂದಷ್ಟೇ ಹೇಳಿದ ಬೈಶೆನ್. ಹೊಸ ಆಡನ್ನು ಕೆತ್ತಿದ್ದ, ಜೂನಿಪರ್ ಮರದ್ದು. ಅಳು ನಿಂತರೆ ಮಕ್ಕಳು ಮರೆಯುತ್ತಾರೆ ಎಂದುಕೊಂಡಿದ್ದ ಪಾಪ. ಟಿವಿ ಸುಮ್ಮನಾದ ಕೂಡಲೇ ಮನೆಮನೆಯ ಮಕ್ಕಳು ಆ ಅಳುವನ್ನು ತಾವೇ ಅತ್ತು, ಉತ್ತರವನ್ನೂ ತಾವೇ ಕೂಗಿ ಮಲಗುವುದನ್ನು ರೂಢಿ ಮಾಡಿಕೊಂಡರು. ಅಣ್ಣ ತಮ್ಮನಿಗೆ, ಅಕ್ಕ ತಂಗಿಗೆ ಕಲಿಸಿದರು.

ಕಾಲ ಬದಲಾಯಿತು. ದೇಶ ಸ್ವತಂತ್ರವಾಯಿತು, ರೈಸಾ ಪೆತ್ರೋವ್ನಾ ರಷ್ಯದ ಸಮಾರಾದಲ್ಲಿದ್ದ ತಂಗಿಯ ಹತ್ತಿರ ಹೋದಳು, ನಮ್ಮ ಸಂಜೆಯ ಹೊತ್ತನ್ನು ವಿದೇಶದ ಕಾರ್ಟೂನುಗಳು ಹಿಡಿದವು. ನಾನು ಪತ್ರಿಕೆಗೆ ನಗೆಬರಹ ಬರೆಯತೊಡಗಿದೆ. ಬೈಶೆನ್ ಮದುವೆಮನೆ, ಹುಟ್ಟುಹಬ್ಬಗಳಿಗೆ ಪೆಟ್ಟಿಗೆ ಹೊತ್ತು ಹೋಗುತ್ತಿದ್ದ. ಹೋದಲ್ಲೆಲ್ಲ ಟೈ ಕಟ್ಟಿದ ಗಂಡಸರು ಗ್ಲಾಸು ಹಿಡಿದುಕೊಂಡು ಬಂದು ಹೆಗಲ ಮೇಲೆ ಕೈ ಹಾಕುತ್ತಿದ್ದರು. ‘ಮಾಮಾ, ಒಂದ್ಸಲ ಅಳಿ ಮಾಮಾ! ಚಿಕ್ಕಂದಿನ ನೆನಪು!’

‘ಆಡಿಗೆ ಗಂಟಲು ಕೆಟ್ಟಿದೆ ಮಗಾ’ ಎಂದು ಅವನು ದಾರ ಸುತ್ತಿಕೊಳ್ಳುತ್ತಿದ್ದ. ಎಷ್ಟು ಕಾಡಿದರೂ ಅಳಲಿಲ್ಲ. ಬರಬರುತ್ತ ಅವನನ್ನು ಕರೆಯುವವರೂ ಕಡಿಮೆಯಾದರು.

ಕಳೆದ ವಸಂತದಲ್ಲಿ ಅವನು ಹೋಗಿಬಿಟ್ಟ. ಐದಂತಸ್ತಿನ ಕಟ್ಟಡಗಳ ನಡುವೆ, ಮಕ್ಕಳ ಉಯ್ಯಾಲೆಯ ಪಕ್ಕದಲ್ಲಿ ಗುಡಾರ ಎದ್ದಿತು. ಅವನ ಮಗ ಮತ್ತು ನಾನು ಕೋಲೂರಿ ನಿಂತೆವು. ಕಾಲಿ ಊರಿಂದ ಬಂದಿದ್ದ. ಮುದುಕನಾಗಿದ್ದ, ಗಂಟಲು ಆ ದಿನದಿಂದ ಪೂರ್ತಿ ಸರಿಹೋಗಿಯೇ ಇರಲಿಲ್ಲ.

ಗ್ಯಾರೇಜುಗಳ ಕಡೆಯಿಂದ ಮೊದಲ ಗುಂಪು ಬಂತು. ಅಕ್ಕಪಕ್ಕದ ಮನೆಗಳವರು, ಮೂವತ್ತರ ಆಸುಪಾಸಿನವರು. ಒಬ್ಬ ಬಜಾರಿನಲ್ಲಿ ಫೋನು ಮಾರುವವನು, ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ಟ್ರಾಫಿಕ್ ಪೊಲೀಸು. ಎಲ್ಲರೂ ಪಟ್ಟಣದಲ್ಲಿ ಬೆಳೆದವರು. ಅಳುತ್ತ ಬರಬೇಕೆಂದು ಗೊತ್ತು, ಹೇಗೆಂದು ಯಾವ ಅಪ್ಪನೂ ಕಲಿಸಿರಲಿಲ್ಲ. ಉಯ್ಯಾಲೆಯ ಹತ್ತಿರ ತಡವರಿಸಿ ನಿಂತರು. ಮೊದಲು ಬಾಯಿ ತೆರೆದವನು ಪೊಲೀಸು.

‘ಓ ನನ್ನ ಕರು...’

ತಗ್ಗಿನಿಂದ ಏರಿತು, ನಡುವೆ ಕಲ್ಲೆಡವಿದ ಹಾಗೆ ಮುರಿಯಿತು, ಬಿಕ್ಕಿತು, ಮತ್ತೆ ಏರಿತು. ಡಾಕ್ಟರು ಸೇರಿಕೊಂಡ. ಫೋನಿನವನೂ ಸೇರಿಕೊಂಡ. ಹಿಂದೆ ಬಂದ ಗುಂಪೂ ಹಾಗೆಯೇ ಅತ್ತಿತು, ಅದರ ಹಿಂದಿನದೂ. ಮೇಲಿನ ಕಿಟಕಿಗಳಲ್ಲಿದ್ದ ಈಗಿನ ಮಕ್ಕಳು ಯಾರೂ ನಗಲಿಲ್ಲ. ಅವರಿಗೆ ಉಲಕ್‌ಬಾಯ್ ಯಾರೆಂದೇ ಗೊತ್ತಿರಲಿಲ್ಲ.

ಕಾಲಿ ಕೋಲಿನ ಮೇಲಿಂದ ತಲೆ ಎತ್ತಿ ನೋಡಿದ. ‘ಯಾರೋ ಇವ್ರೆಲ್ಲ?’ ಎಂದ ಒಡೆದ ದನಿಯಲ್ಲಿ. ‘ಎಲ್ಲ ನಮ್ಮಪ್ಪನ ಹಂಗೆ ಅಳ್ತಿದಾರಲ್ಲೋ.’

ನಾನು ಏನು ಹೇಳಲಿ? ‘ಅಕ್ಕಪಕ್ಕದೋರು’ ಎಂದೆ.

ಗುಂಪು ಕರಗಿದ ಮೇಲೆ ಆ ಪೊಲೀಸು ಟೋಪಿ ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದ. ಕಿವಿಯೆಲ್ಲ ಕೆಂಪು.

‘ತಪ್ಪು ತಿಳ್ಕೋಬೇಡಿ ಮಾಮ. ತಮಾಷೆಗಲ್ಲ’ ಎಂದ. ‘ನಂಗೆ ಬೇರೆ ಥರ ಅಳೋಕೆ ಬರಲ್ಲ.’

‘ಗೊತ್ತು ಬಿಡಪ್ಪ’ ಎಂದೆ.

ಆಚೆ ರಸ್ತೆಯಲ್ಲಿ ಇನ್ನೊಂದು ಬಸ್ಸು ನಿಂತು ಜನ ಇಳಿಯುತ್ತಿದ್ದರು. ಕಾಲಿಯ ಗಂಟಲಲ್ಲಿ ದನಿಯಿಲ್ಲ, ಬೈಶೆನ್‌ನ ಮಗ ಅತ್ತು ಸುಸ್ತಾಗಿದ್ದ, ನನ್ನದಂತೂ ಬಸ್ಸು ಕೂಗುವ ಅಳು. ನಾನು ಸರಿದು ಜಾಗ ಬಿಟ್ಟೆ. ಪೊಲೀಸು ಟೋಪಿ ಹಾಕಿಕೊಂಡು, ಬೆಲ್ಟು ಬಿಗಿದು, ನಮ್ಮ ಸಾಲಿನಲ್ಲಿ ಬಗ್ಗಿ ನಿಂತ.